ಕಾಣದಂತೆ ಬಳಿದ ಬಣ್ಣ

ಚಿತ್ರಕಾರನಾದವನು ಕುಂಚವನ್ನು ಕೈಗೆತ್ತಿಕೊಳ್ಳುವುದು ನಾಲ್ಕು ಜನ ನೋಡಲಿ ಎಂದು. ಯಾರೂ ನೋಡದಿರಲಿ ಎಂಬ ಹಾರೈಕೆಯೊಡನೆ ಬಣ್ಣ ಬಳಿಯುವುದು ಯುದ್ಧದ ಕಸುಬಿನಲ್ಲಿ ಮಾತ್ರ. ಫಿರಂಗಿಗೆ ಮಣ್ಣಿನ ಬಣ್ಣ, ಹಡಗಿಗೆ ಕಡಲಿನ ಬಣ್ಣ, ವಿಮಾನದ ಬೆನ್ನಿಗೆ ಹೊಲಗಾಡುಗಳ ಬಣ್ಣ, ಹೊಟ್ಟೆಗೆ ಮುಗಿಲಿನ ಬಣ್ಣ. ಇಂಗ್ಲಿಷರು ಫ್ರೆಂಚರಿಂದ ಎರವಲು ಪಡೆದು ಇದನ್ನು ಕ್ಯಾಮೊಫ್ಲಾಜ್ ಎಂದು ಕರೆದರು. ಈ ಭಾಷಣದ ಮಟ್ಟಿಗೆ ನಾನು ಮರೆಬಣ್ಣ ಎನ್ನುತ್ತೇನೆ. ಆ ಯುದ್ಧಗಳೆಲ್ಲ ಮುಗಿದು ದಶಕಗಳು ಕಳೆದ ಮೇಲೆ, ಆ ಮರೆಬಣ್ಣವನ್ನೇ ಎಲ್ಲರ ಕಣ್ಣಿಗೂ ಬೀಳುವಂತೆ ಮತ್ತೆ ಬಳಿಯುವ ಹವ್ಯಾಸವೊಂದು ಲೋಕದ ನಾನಾ ದೇಶಗಳಲ್ಲಿ ಹಬ್ಬಿದೆ. ಆ ಹವ್ಯಾಸಿಗಳಲ್ಲಿ ನಾನೂ ಒಬ್ಬನಾದುದರಿಂದ ಅದರ ವಿಚಾರವಾಗಿ ಕೆಲವು ಮಾತುಗಳನ್ನು ನಿಮ್ಮ ಮುಂದಿಡಬಯಸುತ್ತೇನೆ.

ಕಂಪ್ಯೂಟರಿನ ತೆರೆಯ ಮೇಲೆ ವಿಮಾನ ಹಾರಿಸುವ ಏರ್ಪಾಡಿಗೆ ಫ್ಲೈಟ್ ಸಿಮ್ಯುಲೇಟರ್ ಎಂದು ಹೆಸರು. ಅದನ್ನು ಆಟವೆಂದು ಕರೆದರೆ ಆಡುವವರಿಗೆ ಬೇಸರವಾಗುತ್ತದೆ. ಮೈಕ್ರೋಸಾಫ್ಟ್ ಸಂಸ್ಥೆ 1982ರಲ್ಲಿ ಹೊರತಂದ ಮೊದಲ ಸಿಮ್ಯುಲೇಟರಿನಲ್ಲಿ ವಿಮಾನವೆಂದರೆ ಕೆಲವು ಗೆರೆಗಳು ಮಾತ್ರ. 1998ರಲ್ಲಿ ಅದೇ ಸಂಸ್ಥೆಯ ಯುದ್ಧವಿಮಾನಗಳ ಸಿಮ್ಯುಲೇಟರು ಬಂದಿತು. 2001ರಲ್ಲಿ ರಷ್ಯನರ ಇಲ್-2 ಸ್ಟುರ್ಮೊವಿಕ್ ಬಂದಿತು. ಇವುಗಳಲ್ಲಿ ವಿಮಾನದ ಆಕಾರ ಬೇರೆ, ಅದರ ಮೇಲಿನ ಚರ್ಮ ಬೇರೆ. ಚರ್ಮವೆಂಬುದು ಒಂದು ಚಪ್ಪಟೆಯಾದ ಚಿತ್ರ. ಕೈ ಬಂದವರು ಆ ಚಿತ್ರವನ್ನು ತೆಗೆದು ತಮ್ಮದೊಂದನ್ನು ತೊಡಿಸಬಹುದು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಹೇಳಿಕೊಟ್ಟು ನಿವೃತ್ತನಾದ ನನಗೆ ವಿಮಾನ ಹಾರಿಸುವುದು ಇಂದಿಗೂ ಸರಿಯಾಗಿ ಒಗ್ಗಿಲ್ಲ. ನನ್ನನ್ನು ಸೆಳೆದದ್ದು ಆ ಚರ್ಮ.

ಅದನ್ನು ಬಿಡಿಸಿ ಹಾಸಿದಾಗ ಕಾಣುವ ನೋಟ ದರ್ಜಿಯ ಮೇಜಿನ ಮೇಲಿನ ನೋಟ. ತೋಳು ಒಂದು ಕಡೆ, ಬೆನ್ನು ಒಂದು ಕಡೆ, ಕೊರಳಪಟ್ಟಿ ಮತ್ತೊಂದು ಕಡೆ ಬಿದ್ದಿರುವಂತೆ ಎಡರೆಕ್ಕೆ, ಬಲರೆಕ್ಕೆ, ಒಡಲಿನ ಎರಡು ಮಗ್ಗುಲು, ಬಾಲ, ಎಲ್ಲವೂ ಒಂದೇ ಹಾಳೆಯಲ್ಲಿ ಚದರಿ ಬಿದ್ದಿರುತ್ತವೆ. ಚೌಕಳಿ ಬಟ್ಟೆಯಲ್ಲಿ ಅಂಗಿ ಹೊಲಿಯುವ ಒಳ್ಳೆಯ ದರ್ಜಿ ಹೊಲಿಗೆಯ ಎರಡು ಪಕ್ಕದ ಚೌಕಗಳೂ ಕೂಡುವಂತೆ ಕತ್ತರಿಸುತ್ತಾನಷ್ಟೆ. ಇಲ್ಲಿಯೂ ರೆಕ್ಕೆಯ ಮೇಲಿನ ಕಂದುಬಣ್ಣದ ಪಟ್ಟೆ ಒಡಲಿಗೆ ಹತ್ತುವ ಕಡೆ ತುಂಡಾಗಬಾರದು. ಇಲ್-2ರ ಹಾಳೆ ಉದ್ದಕ್ಕೆ 1024 ಚುಕ್ಕಿ, ಅಗಲಕ್ಕೆ 1024 ಚುಕ್ಕಿ. ಬಣ್ಣಗಳು ಒಟ್ಟು 256. ಸ್ಪಿಟ್‌ಫೈರ್ ವಿಮಾನದ ರೆಕ್ಕೆಯ ಹರಹು 11 ಮೀಟರಿಗೆ ತುಸು ಹೆಚ್ಚು. ಆ ಹರಹನ್ನು ಪೂರ್ತಿ ಹಾಸಿದರೆ ಒಂದೊಂದು ಚುಕ್ಕಿಗೆ ಒಂದು ಸೆಂಟಿಮೀಟರಿಗಿಂತ ಹೆಚ್ಚು ಜಾಗ ಬರುತ್ತದೆ. ರಿವೆಟ್ಟಿನ ತಲೆ ಅದಕ್ಕಿಂತ ಸಣ್ಣದು. ಈಚಿನ ಸಿಮ್ಯುಲೇಟರುಗಳಲ್ಲಿ ಹಾಳೆ 4096 ಚುಕ್ಕಿಗಳಿಗೆ ಬೆಳೆದಿದೆ. ಈಗ ಒಂದು ಚುಕ್ಕಿ ಎಂದರೆ ಮೂರು ಮಿಲಿಮೀಟರಿಗೂ ಕಡಮೆ. ರಿವೆಟ್ಟು ಬರೆಯಬಹುದು, ಬರೆಯಬಹುದಾದ್ದರಿಂದ ಬರೆಯಲೇಬೇಕು. ಅನುಕೂಲ ಹೆಚ್ಚಿದಷ್ಟೂ ದುಡಿಮೆ ಹೆಚ್ಚುವುದು ಇಲ್ಲಿಯೂ ತಪ್ಪಿಲ್ಲ.

ಮರೆಬಣ್ಣದ ವಿದ್ಯೆಯನ್ನು ಯುದ್ಧಕ್ಕೆ ಕಲಿಸಿದವರು ಚಿತ್ರಕಾರರೇ ಎಂಬುದನ್ನು ನೆನೆದರೆ ನನಗೆ ಒಂದಿಷ್ಟು ಹೆಮ್ಮೆ, ಒಂದಿಷ್ಟು ಕಸಿವಿಸಿ. ಅಮೆರಿಕದ ಅಬಟ್ ಥೇಯರ್ ಎಂಬ ಚಿತ್ರಕಾರ 1896ರಲ್ಲಿ ಪ್ರಾಣಿಗಳ ಮೈಬಣ್ಣದ ಕುರಿತು ಒಂದು ನಿಯಮವನ್ನು ಮುಂದಿಟ್ಟ. ಜಿಂಕೆಯ ಬೆನ್ನು ಕಡುಬಣ್ಣ, ಹೊಟ್ಟೆ ತಿಳಿಬಣ್ಣ, ಮೀನಿಗೂ ಹಾಗೆಯೇ. ಬಿಸಿಲು ಬೆನ್ನನ್ನು ಬೆಳಗಿಸುತ್ತದೆ, ಹೊಟ್ಟೆಗೆ ನೆರಳು ಕವಿಯುತ್ತದೆ. ಬಣ್ಣ ಬೆಳಕಿಗೆ ವಿರುದ್ಧವಾಗಿರುವುದರಿಂದ ಎರಡೂ ಸರಿದೂಗಿ, ದುಂಡಗಿನ ಮೈ ಚಪ್ಪಟೆಯಾಗಿ ಕಂಡು ಹಿನ್ನೆಲೆಯಲ್ಲಿ ಅಡಗಿಹೋಗುತ್ತದೆ. ಚಿತ್ರಕಾರನು ನೆರಳುಬೆಳಕಿನಿಂದ ಚಪ್ಪಟೆ ಹಾಳೆಯಲ್ಲಿ ದುಂಡುತನವನ್ನು ಹುಟ್ಟಿಸುತ್ತಾನೆ. ಪ್ರಕೃತಿ ಅದೇ ವಿದ್ಯೆಯನ್ನು ತಿರುವುಮುರುವು ಮಾಡಿ ದುಂಡುತನವನ್ನು ಅಳಿಸುತ್ತದೆ. ಇದನ್ನು ಕಾಣುವುದಕ್ಕೆ ಚಿತ್ರಕಾರನ ಕಣ್ಣೇ ಬೇಕಿತ್ತು. ಫ್ರೆಂಚ್ ಸೇನೆ 1915ರಲ್ಲಿ ಮರೆಬಣ್ಣದ ವಿಭಾಗವೊಂದನ್ನು ತೆರೆದಾಗ ಅದರ ಮುಂದಾಳಾದ ಗಿರಾಂ ದ ಸೆವೊಲಾ ಕೂಡ ಚಿತ್ರಕಾರನೇ.

ಎರಡನೆಯ ಮಹಾಯುದ್ಧದ ವೇಳೆಗೆ ಇದು ಕಚೇರಿಯ ಕಾಗದಪತ್ರಗಳ ವಿಷಯವಾಯಿತು. 1940ರಲ್ಲಿ ಬ್ರಿಟಿಷ್ ಯುದ್ಧವಿಮಾನಗಳ ಬೆನ್ನಿಗೆ ಕಡುಹಸಿರು ಮತ್ತು ಮಣ್ಣುಕಂದು. ಅವುಗಳ ಅಂಕುಡೊಂಕಿಗೆ ಸರಕಾರಿ ನಕಾಶೆ. ಆ ನಕಾಶೆಯಲ್ಲೂ ಎರಡು ವಿಧ, ಒಂದು ಇನ್ನೊಂದರ ಕನ್ನಡಿಬಿಂಬ. 1941ರ ಆಗಸ್ಟಿನಲ್ಲಿ ಕಂದು ಹೋಗಿ ಬೂದು ಬಂದಿತು, ಏಕೆಂದರೆ ಕಾಳಗ ಇಂಗ್ಲೆಂಡಿನ ಹೊಲಗಳ ಮೇಲಿನಿಂದ ಕಡಲಿನ ಮೇಲಕ್ಕೂ ಎತ್ತರದ ಮೋಡಗಳಿಗೂ ಸರಿದಿತ್ತು. ವಿಮಾನದ ಬಣ್ಣ ಬದಲಾದುದನ್ನು ನೋಡಿಯೇ ಯುದ್ಧದ ಗತಿಯನ್ನು ಓದಬಹುದು. 1944ರ ಹೊತ್ತಿಗೆ ಅಮೆರಿಕನರು ತಮ್ಮ ಬಹುಪಾಲು ಹೊಸ ವಿಮಾನಗಳಿಗೆ ಬಣ್ಣ ಬಳಿಯುವುದನ್ನೇ ನಿಲ್ಲಿಸಿದರು. ತೂಕ ಉಳಿಯಿತು, ಕಾರ್ಖಾನೆಯ ವೇಳೆ ಉಳಿಯಿತು. ಅಡಗಬೇಕಾದ ಅಗತ್ಯವೇ ಅವರಿಗೆ ಕಡಮೆಯಾಗಿತ್ತು. ಇನ್ನು, ಕೆಳಮಟ್ಟದಲ್ಲಿ ಹಾರಿ ಫೋಟೋ ತೆಗೆದು ಬರಲು ಹೋಗುತ್ತಿದ್ದ ಕೆಲವು ಸ್ಪಿಟ್‌ಫೈರುಗಳಿಗೆ ಗುಲಾಬಿ ಬಣ್ಣ! ಮದುವೆಮನೆಯ ಲಾಡಿನ ಕಾಗದದಂಥ ಗುಲಾಬಿ. ಮುಂಜಾನೆ ಮುಸ್ಸಂಜೆಗಳ ಮೋಡದಲ್ಲಿ ಅದಕ್ಕಿಂತ ಒಳ್ಳೆಯ ಮರೆ ಇಲ್ಲ.

ಇಷ್ಟೆಲ್ಲ ಸರಕಾರಿ ದಾಖಲೆಗಳೂ ಬಣ್ಣದ ಮಾದರಿ ಚೂರುಗಳೂ ಇರುವಾಗ ನಮ್ಮ ಕೆಲಸ ಸುಲಭವಲ್ಲವೆ ಎಂದು ನೀವು ಕೇಳಬಹುದು. ಮಾದರಿಯಲ್ಲಿರುವ ಕಡುಹಸಿರನ್ನು ಇದ್ದಹಾಗೆಯೇ ತಂದು ತೆರೆಯ ಮೇಲಿನ ವಿಮಾನಕ್ಕೆ ಬಳಿದು ನೋಡಿ: ವಿಮಾನ ಕಪ್ಪಗೆ, ಡಾಂಬರು ಮೆತ್ತಿದಂತೆ ಕಾಣುತ್ತದೆ. ನೂರು ಗಜ ದೂರದ ವಸ್ತುವಿಗೂ ನಮಗೂ ನಡುವೆ ಗಾಳಿಯಿದೆ, ಧೂಳಿದೆ, ಬೆಳಕಿನ ಮಬ್ಬಿದೆ; ದೂರವಾದಷ್ಟೂ ಬಣ್ಣ ತಿಳಿಯಾಗುತ್ತದೆ. ತೆರೆಯ ಮೇಲಿನ ಅಂಗೈಯಗಲದ ವಿಮಾನ ದೂರದ್ದೆಂದು ಕಣ್ಣು ನಂಬಬೇಕಾದರೆ ಬಣ್ಣವನ್ನು ಸ್ವಲ್ಪ ಎಳೆಯದು ಮಾಡಬೇಕು. ಯಕ್ಷಗಾನದ ಚೌಕಿಗೆ ಹೋಗಿ ನೋಡಿದವರಿಗೆ ಈ ಮಾತು ಬೇಗ ಅರ್ಥವಾದೀತು. ಬಣ್ಣದ ವೇಷದವನು ಕನ್ನಡಿಯ ಮುಂದೆ ಕುಳಿತು ಅಕ್ಕಿಹಿಟ್ಟಿನ ಚುಟ್ಟಿ ಇಟ್ಟುಕೊಳ್ಳುವಾಗ ಹತ್ತಿರದಿಂದ ಆ ಮುಖ ಅತಿಯಾಯಿತೆನಿಸುತ್ತದೆ. ಅದೇ ಮುಖ ರಂಗಸ್ಥಳದ ಬೆಳಕಿಗೆ ಬಂದಾಗ ಅಲ್ಲಿ ರಾಕ್ಷಸನೇ ನಿಂತಿರುತ್ತಾನೆ. ಆ ಕಲಾವಿದ ಬಣ್ಣ ಹಚ್ಚಿಕೊಳ್ಳುವುದು ಚೌಕಿಯ ಕನ್ನಡಿಗಲ್ಲ, ಕೊನೆಯ ಸಾಲಿನಲ್ಲಿ ಕುಳಿತವನ ಕಣ್ಣಿಗೆ. ಹಿಂದಿನ ಸಿಮ್ಯುಲೇಟರುಗಳ ಸೂರ್ಯ ಬಹಳ ಬಡವ. ಆದ್ದರಿಂದ ನೆರಳನ್ನೂ ಹೊಳಪನ್ನೂ ನಾವೇ ಚಿತ್ರದಲ್ಲಿ ಬರೆಯಬೇಕಾಗಿತ್ತು. ಈಗ ಬೆಳಕಿನ ಲೆಕ್ಕವನ್ನು ಯಂತ್ರವೇ ಮಾಡುತ್ತದೆ. ಆದರೆ ಎಲ್ಲಿ ನುಣುಪು, ಎಲ್ಲಿ ಒರಟು ಎಂಬುದನ್ನು ಬೇರೆ ಹಾಳೆಯಲ್ಲಿ ಬರೆದು ತಿಳಿಸಬೇಕು. ಎಣ್ಣೆ ಸೋರಿದ ಕಲೆಯೊಂದನ್ನು ಎರಡು ಸಲ ಬರೆಯಬೇಕು, ಅದರ ಬಣ್ಣವನ್ನು ಒಮ್ಮೆ, ಅದರ ಹೊಳಪನ್ನು ಒಮ್ಮೆ.

ಈ ಕಲೆಗಳ ವಿಷಯ ಬಂದಿತಲ್ಲ, ನನ್ನ ಮಟ್ಟಿಗೆ ಇಡೀ ವಿದ್ಯೆಯ ಜೀವ ಇರುವುದು ಅಲ್ಲಿ. ಹೊಸ ಬಣ್ಣದ ವಿಮಾನ ಯಾರದೂ ಅಲ್ಲ. ಸ್ಪಿಟ್‌ಫೈರಿನ ಬಾಗಿಲು ಇರುವುದು ಎಡಮಗ್ಗುಲಿಗೆ. ಆದ್ದರಿಂದ ಎಡರೆಕ್ಕೆಯ ಬುಡದಲ್ಲಿ ಬೂಟುಗಾಲು ತುಳಿದು ತುಳಿದು ಬಣ್ಣ ಹೋಗಿ ಲೋಹ ಬೆಳ್ಳಗೆ ಕಾಣುತ್ತದೆ. ಹೊಗೆಕೊಳವೆಗಳ ಹಿಂದೆ ಮಸಿಯ ಗೆರೆ ಹರಿದಿರುತ್ತದೆ. ರೆಕ್ಕೆಯ ಅಂಚಿನಲ್ಲಿ ಬಂದೂಕಿನ ಬಾಯಿಗಳಿಗೆ ಕೆಂಪುಬಟ್ಟೆಯ ತೇಪೆ ಅಂಟಿಸಿರುತ್ತಾರೆ. ಗುಂಡು ಹಾರಿಸಿದರೆ ತೇಪೆ ಹರಿಯುತ್ತದೆ, ರೆಕ್ಕೆಯ ತಳಕ್ಕೆ ಹೊಗೆಯ ಕರೆ ಹಿಡಿಯುತ್ತದೆ. ತೇಪೆ ಹಾಗೆಯೇ ಇದ್ದರೆ ಇವನು ಗುಂಡು ಹಾರಿಸದೆ ಹಿಂತಿರುಗಿದ್ದಾನೆ ಎಂದು ನೆಲದಲ್ಲಿ ಕಾದಿದ್ದವರಿಗೆ ದೂರದಿಂದಲೇ ಗೊತ್ತು. ಇವನ್ನೆಲ್ಲ ಒಂದರ ಮೇಲೊಂದು ಪದರಗಳಾಗಿ ಬರೆಯುತ್ತೇವೆ: ತಳದಲ್ಲಿ ಲೋಹ, ಅದರ ಮೇಲೆ ಬಣ್ಣ, ಅದರ ಮೇಲೆ ಗುರುತುಗಳು, ಎಲ್ಲಕ್ಕೂ ಮೇಲೆ ಹೊಗೆ, ಕೆಸರು, ಬಿಸಿಲು. ಮೇಲಿನ ಪದರವನ್ನು ಉಜ್ಜಿದರೆ ಕೆಳಗಿನದು ಕಾಣುತ್ತದೆ, ನಿಜವಾದ ವಿಮಾನದಲ್ಲಿ ಹೇಗೋ ಹಾಗೆ.

ಹೊಸಬರಿಗೆ ಈ ಸವೆತದ ಮೇಲೆ ಅತಿಮೋಹ. ಎಲ್ಲ ವಿಮಾನವನ್ನೂ ಗುಜರಿ ಅಂಗಡಿಯಿಂದ ಎತ್ತಿತಂದಂತೆ ಮಾಡುತ್ತಾರೆ. ಅವರಿಗೆ ನಾನು ಹೇಳುವುದಿಷ್ಟೆ: ಬಿಸಿಲಿಗೆ ಬಣ್ಣ ಮಾಸಬೇಕಾದರೆ ತಿಂಗಳುಗಟ್ಟಲೆ ಬೇಕು. 1940ರ ಬೇಸಿಗೆಯಲ್ಲಿ ಎಷ್ಟೋ ವಿಮಾನಗಳು ಅಷ್ಟು ಕಾಲ ಬದುಕಲಿಲ್ಲ, ಅವುಗಳಲ್ಲಿ ಕುಳಿತಿದ್ದವರೂ ಬದುಕಲಿಲ್ಲ. ಮಾಸದ ಬಣ್ಣವನ್ನು ಬರೆಯುವಾಗ ಕೈ ತಡೆಯುವುದು ಇದಕ್ಕೇ.

ಮುಂದಿನ ತೊಡಕು ಸಾಕ್ಷ್ಯದ್ದು. ಆ ಕಾಲದ ಫೋಟೋಗಳಲ್ಲಿ ಬಹುಪಾಲು ಕಪ್ಪುಬಿಳುಪಿನವು, ಕಪ್ಪುಬಿಳುಪೂ ಸತ್ಯವನ್ನೇ ಹೇಳುತ್ತದೆಂಬ ಭರವಸೆಯಿಲ್ಲ. ಅಂದು ಬಳಕೆಯಲ್ಲಿದ್ದ ಒಂದು ಬಗೆಯ ಫಿಲ್ಮಿಗೆ ಕೆಂಪು ಕಾಣದು, ಹಳದಿ ಸರಿಯಾಗಿ ಕಾಣದು. ಬ್ರಿಟಿಷ್ ವಿಮಾನದ ಮಗ್ಗುಲ ಚಕ್ರದ ಸುತ್ತ ಇರುವ ಉಜ್ವಲವಾದ ಹಳದಿ ಬಳೆ ಆ ಫಿಲ್ಮಿನಲ್ಲಿ ಕಪ್ಪಾಗಿ ಬೀಳುತ್ತದೆ. ಕಡುನೀಲಿ ಮಾತ್ರ ತಿಳಿಯಾಗಿ ಬೀಳುತ್ತದೆ. ಹೊಲದಲ್ಲೋ ಕೆರೆಯ ತಳದಲ್ಲೋ ಸಿಕ್ಕ ಲೋಹದ ಚೂರಿನ ಮೇಲೆ ಬಣ್ಣ ಉಳಿದಿದ್ದರೂ, ಅಷ್ಟು ವರ್ಷದ ನೀರು ಗಾಳಿಗಳಲ್ಲಿ ಅದು ತನ್ನ ಮೊದಲ ಬಣ್ಣವಾಗಿ ಉಳಿದಿರುವುದಿಲ್ಲ. ಜಪಾನಿನ ಝೀರೊ ವಿಮಾನದ ಮೊದಲ ಬಣ್ಣ ಬೂದುಬಿಳಿಯೋ ಹಸಿರುಮಿಶ್ರಿತ ಬೂದೋ ಎಂಬ ಚರ್ಚೆ ವರ್ಷಗಟ್ಟಲೆ ನಡೆದಿದೆ. ನಮ್ಮ ಪಂಡಿತರು ಒಂದು ಪಾಠಾಂತರಕ್ಕಾಗಿ ಕಾದಾಡುತ್ತಾರಲ್ಲ, ಅದೇ ಉತ್ಸಾಹದಿಂದ.

ನನ್ನನ್ನು ಬಹುಕಾಲ ಕಾಡಿದ್ದು ಮಾಲ್ಟಾ ದ್ವೀಪದ ನೀಲಿ. 1942ರಲ್ಲಿ ಮೆಡಿಟರೇನಿಯನ್ ಕಡಲಿನ ನಡುವಣ ಆ ಪುಟ್ಟ ದ್ವೀಪ ಜರ್ಮನ್ ಮತ್ತು ಇಟಾಲಿಯನ್ ಬಾಂಬುಗಳ ಅಡಿಯಲ್ಲಿ ನಲುಗುತ್ತಿತ್ತು. ಅದರ ರಕ್ಷಣೆಗೆ ಸ್ಪಿಟ್‌ಫೈರುಗಳನ್ನು ಅಮೆರಿಕದ ವಾಸ್ಪ್ ಎಂಬ ವಿಮಾನವಾಹಕ ಹಡಗಿನಲ್ಲಿ ತಂದು, 1942ರ ಏಪ್ರಿಲ್ 20ರಂದು ಕಡಲಿನ ನಡುವಿನಿಂದಲೇ ಹಾರಿಸಿದರು. 47 ವಿಮಾನಗಳು ಹೊರಟು 46 ತಲುಪಿದವು. ಮರುಭೂಮಿಗೆಂದು ಅವುಗಳಿಗೆ ಬಳಿದಿದ್ದ ಮಣ್ಣುಕಂದು ಮತ್ತು ಮರಳುಹಳದಿ ನೀಲಿ ಕಡಲಿನ ಮೇಲೆ ದೂರಕ್ಕೇ ಕಾಣುವಂಥವು. ಆದ್ದರಿಂದ ಅವುಗಳ ಮೇಲೆ ತರಾತುರಿಯಲ್ಲಿ ನೀಲಿಯೋ ನೀಲಿಬೂದೋ ಒಂದು ಬಣ್ಣ ಬಳಿದರು. ಯಾವ ನೀಲಿ? ಹಡಗಿನ ಉಗ್ರಾಣದಲ್ಲಿದ್ದ ಅಮೆರಿಕನ್ ನೌಕಾಪಡೆಯ ಬಣ್ಣವೆಂದು ಕೆಲವರು, ಕೈಗೆ ಸಿಕ್ಕವನ್ನು ಬೆರೆಸಿದ್ದೆಂದು ಕೆಲವರು. ಫೋಟೋದಲ್ಲಿ ಕಾಣುವುದು ಒಂದೇ ಸಮನಾದ ಮಂಕು ಛಾಯೆ. ಅಂದು ಹಾರಿ ಹೋದವರಲ್ಲಿ ಡೆನಿಸ್ ಬಾರ್ನಮ್ ಎಂಬ ಚಿತ್ರಕಾರನೂ ಇದ್ದ. ಮಾಲ್ಟಾದ ಆ ವಾರಗಳ ಕುರಿತು ಆತ 1956ರಲ್ಲಿ ಒಂದು ಸಚಿತ್ರ ಪುಸ್ತಕವನ್ನೇ ಹೊರತಂದ. ಬಣ್ಣದಲ್ಲಿ ಪಳಗಿದ ಕಣ್ಣುಳ್ಳವನೊಬ್ಬ ಆ ರೆಕ್ಕೆಗಳ ನಡುವೆ ಕುಳಿತು ಹಾರಿದ್ದಾನೆ. ಆದರೂ ಚರ್ಚೆ ಇಂದಿಗೂ ಮುಗಿದಿಲ್ಲ. ಬಣ್ಣವನ್ನು ಕೇಳಿ ತಿಳಿಯೋಣವೆಂದರೆ ಆ ವಿಮಾನಗಳೂ ಉಳಿಯಲಿಲ್ಲ. ಅವು ಇಳಿದದ್ದನ್ನು ಅರಿತ ಶತ್ರುಗಳು ನೆಲದ ಮೇಲೆಯೇ ಹುಡುಕಿ ಹೊಡೆದರು. ಕೆಲವೇ ದಿನಗಳಲ್ಲಿ ಬಹುಪಾಲು ನಾಶವಾದವು ಅಥವಾ ಹಾರಲಾರದಂತಾದವು. ಕಡಲಿಗೆಂದು ಬಳಿದ ನೀಲಿ, ಮಾಲ್ಟಾದ ಬಿಳಿಯ ಸುಣ್ಣಕಲ್ಲಿನ ನೆಲದ ಮೇಲೆ ಎಷ್ಟರ ಮರೆಯಾದೀತು?

ಇಂಥಲ್ಲಿ ನಮ್ಮ ಮುಂದೆ ಎರಡು ದಾರಿ. ಒಂದು ನೀಲಿಯನ್ನು ಆರಿಸಿ, ಇದೇ ಸರಿಯೆಂದು ಸಾರಿ ಮುಂದುವರಿಯುವುದು ಒಂದು. ಹಾಗೆ ಮಾಡಿದ ಚರ್ಮವನ್ನು ಸಾವಿರಾರು ಮಂದಿ ಹುಡುಗರು ತಮ್ಮ ವಿಮಾನಕ್ಕೆ ತೊಡಿಸುತ್ತಾರೆ. ಅವರ ಮನಸ್ಸಿನಲ್ಲಿ ಆ ನೀಲಿಯೇ ಚರಿತ್ರೆಯಾಗಿ ನಿಲ್ಲುತ್ತದೆ. ಪುಸ್ತಕದಲ್ಲಿ ಬರೆದುದನ್ನಾದರೂ ಜನ ಶಂಕಿಸುತ್ತಾರೆ, ಕಣ್ಣಾರೆ ಕಂಡ ಬಣ್ಣವನ್ನು ಶಂಕಿಸುವವರು ಕಡಮೆ. ಇನ್ನೊಂದು ದಾರಿ, ನಾನು ಹಿಡಿದದ್ದು, ಮೂರು ನೀಲಿಗಳಲ್ಲಿ ಮೂರು ಚರ್ಮಗಳನ್ನು ಮಾಡಿ, ಪ್ರತಿಯೊಂದಕ್ಕೂ ಆಧಾರವೇನೆಂದು ಜೊತೆಗೆ ಬರೆದಿಡುವುದು. ಇದರಿಂದ ನನಗೆ ಅಭಿಮಾನಿಗಳು ಹೆಚ್ಚಲಿಲ್ಲ. ಒಬ್ಬ ತರುಣ, ‘ಸರಿಯಾದುದು ಯಾವುದೆಂದು ಹೇಳಿಬಿಡಿ ಸಾರ್, ಅದನ್ನೇ ಇಟ್ಟುಕೊಳ್ಳುತ್ತೇನೆ’ ಎಂದು ಕೇಳಿದ. ಕೇಳುವುದು ತಪ್ಪಲ್ಲ.

ಇದಕ್ಕಿಂತ ಕಠಿಣವಾದ ಪ್ರಶ್ನೆ ಜರ್ಮನ್ ವಿಮಾನಗಳ ಬಾಲದ್ದು. ಅಲ್ಲಿ ಇದ್ದ ಗುರುತು ನಿಮಗೆಲ್ಲ ಗೊತ್ತಿರುವುದೇ. ನಾಜಿ ಲಾಂಛನಗಳ ಪ್ರದರ್ಶನವನ್ನು ಜರ್ಮನಿಯ ಕಾನೂನು ನಿರ್ಬಂಧಿಸಿರುವುದರಿಂದ ಇಲ್-2ರಂಥ ಸಿಮ್ಯುಲೇಟರುಗಳು ಬಾಲವನ್ನು ಬರಿದಾಗಿ ಬಿಟ್ಟು ಬಂದವು. ಹವ್ಯಾಸಿಗಳು ಅದನ್ನು ಮತ್ತೆ ಬರೆಯುತ್ತಾರೆ. ಬರೆಯುವವರಲ್ಲಿ ಚರಿತ್ರೆಯ ನಿಷ್ಠೆಯಿಂದ ಬರೆಯುವವರೂ ಉಂಟು, ಬೇರೆ ಒಲವಿನಿಂದ ಬರೆಯುವವರೂ ಉಂಟು. ಕೈಬರಹದಿಂದ ಅವರನ್ನು ಬೇರ್ಪಡಿಸಲಾಗದು. ನಮ್ಮ ಮನೆಗಳಲ್ಲಿ ಅದೇ ಆಕೃತಿ ಹೊಸಿಲ ಮುಂದಿನ ರಂಗೋಲಿಯಲ್ಲಿದೆ, ಅಂಗಡಿಯ ಲೆಕ್ಕದ ಪುಸ್ತಕದಲ್ಲಿದೆ. ಫಿನ್ಲೆಂಡಿನ ವಾಯುಪಡೆ 1918ರಿಂದ 1945ರವರೆಗೆ ನೀಲಿಯ ಸ್ವಸ್ತಿಕವನ್ನೇ ತನ್ನ ಗುರುತಾಗಿ ಇಟ್ಟುಕೊಂಡಿತ್ತು; ಅದರ ಹುಟ್ಟು ನಾಜಿಗಳಿಗಿಂತ ಹಿಂದಿನದು. ಇಷ್ಟೆಲ್ಲ ಹೇಳಿಕೊಂಡರೂ ಮೆಸ್ಸರ್‌ಶ್ಮಿಟ್ ವಿಮಾನದ ಬಾಲದ ಮುಂದೆ ಬಂದಾಗ ಕೈ ಹಗುರಾಗುವುದಿಲ್ಲ. ನನ್ನ ತೀರ್ಮಾನ ಇಷ್ಟು: ಬರಿಯ ಬಾಲ ಮತ್ತೊಂದು ಮರೆಬಣ್ಣ. ಅಂದವಾದ ಆ ಯಂತ್ರ ಯಾರ ಚಾಕರಿಯಲ್ಲಿತ್ತು ಎಂಬುದನ್ನು ಅದು ಅಡಗಿಸುತ್ತದೆ. ಆದ್ದರಿಂದ ನಾನು ಬರೆಯುತ್ತೇನೆ. ಮೊಮ್ಮಗಳು ಬೆನ್ನ ಹಿಂದೆ ನಿಂತು, ‘ತಾತ, ರಂಗೋಲಿ ಯಾಕೆ ಬರೀತಿದೀಯ?’ ಎಂದು ಕೇಳಿದಾಗ ಕಂಪ್ಯೂಟರ್ ಆರಿಸಿ ಅವಳಿಗೆ ಅರ್ಧ ಗಂಟೆ ವಿವರಿಸಬೇಕಾಯಿತು.

ನಮ್ಮ ದೇಶದ ವಿಮಾನಗಳನ್ನು ಬರೆಯುವವರು ಕಡಮೆ. ಮೆಸ್ಸರ್‌ಶ್ಮಿಟ್ಟಿನ ಜೊತೆಗಾರನಾಗಿದ್ದ ಫೋಕೆ-ವುಲ್ಫ್ 190ರ ಕರ್ತೃ ಕುರ್ಟ್ ಟಾಂಕ್, ಯುದ್ಧಾನಂತರ ಬೆಂಗಳೂರಿಗೆ ಬಂದು ಎಚ್.ಎ.ಎಲ್. ಕಾರ್ಖಾನೆಯಲ್ಲಿ ಮಾರುತ್ ಯುದ್ಧವಿಮಾನವನ್ನು ರೂಪಿಸಿದ. 1961ರ ಜೂನ್ 17ರಂದು ಅದು ಮೊದಲ ಸಲ ಹಾರಿತು. ಫೋಕೆ-ವುಲ್ಫ್‌ಗೆ ನೂರಾರು ಚರ್ಮಗಳುಂಟು, ಮಾರುತಕ್ಕೆ ಬೆರಳೆಣಿಕೆಯಷ್ಟು ಸಿಕ್ಕರೆ ಪುಣ್ಯ. ಮಿಗ್-21ರ ಭಾಗ್ಯ ಸ್ವಲ್ಪ ವಾಸಿ. 1963ರಲ್ಲಿ ನಮ್ಮ ವಾಯುಪಡೆಗೆ ಸೇರಿದ ಆ ವಿಮಾನವನ್ನು 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಬೀಳ್ಕೊಟ್ಟರು. 1971ರ ಯುದ್ಧದ ಮೊದಲು ಅದರ ಮೈ ಬರಿಯ ಲೋಹದ ಬೆಳ್ಳಿ. ಯುದ್ಧ ಬಂದಾಗ ಅನೇಕ ವಿಮಾನಗಳಿಗೆ ಆಯಾ ನೆಲೆಗಳಲ್ಲಿಯೇ ಕೈಗೆ ಬಂದಂತೆ ಮರೆಬಣ್ಣ ಬಳಿದರು. ಸರಕಾರಿ ನಕಾಶೆಯ ಅಚ್ಚುಕಟ್ಟು ಅಲ್ಲಿಲ್ಲ, ಒಂದರಂತೆ ಒಂದಿಲ್ಲ.

ನಮ್ಮ ಬೀದಿಯಲ್ಲಿ ವಾಯುಪಡೆಯಿಂದ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ವಿಮಾನದ ಮೈ ರಿಪೇರಿಯ ಕೆಲಸದಲ್ಲಿದ್ದವರು. ಆ ಡಿಸೆಂಬರಿನಲ್ಲಿ ಇಪ್ಪತ್ತೆರಡರ ತರುಣ. ಅವರನ್ನು ಕರೆತಂದು ತೆರೆಯ ಮುಂದೆ ಕೂರಿಸಿದೆ. ನನಗೆ ದೊರೆತಿದ್ದ ಮಿಗ್ ಅನಂತರದ ಮಾದರಿ. ಅಣ್ಣನ ಅಂಗಿಯನ್ನು ತಮ್ಮನಿಗೆ ತೊಡಿಸಿ ನೋಡಿದಂತೆಯೇ. ಅವರು ಅದನ್ನು ಮೊದಲು ಹೇಳಿ ಮುಗಿಸಿದ ಮೇಲೆಯೇ ಬಣ್ಣದ ಮಾತಿಗೆ ಬಂದರು.

‘ಯಾವ ಬಣ್ಣ ಸಾರ್?’ ಎಂದೆ.

‘ಹಸಿರು, ಮೇಷ್ಟ್ರೇ.’

‘ಹಸಿರಿನಲ್ಲಿ ಯಾವ ಹಸಿರು?’

‘ಡಬ್ಬದಲ್ಲಿ ಇದ್ದ ಹಸಿರು.’

ಸ್ವಲ್ಪ ಹೊತ್ತು ಸುಮ್ಮನಿದ್ದು ತಾವೇ ಮುಂದುವರಿಸಿದರು. ಬಣ್ಣ ಸಾಲದೆ ತಿಳಿಮಾಡಿ ಬಳಿದದ್ದರಿಂದ ಬಾಲದ ಕಡೆಗೆ ಹೋದಂತೆ ಹಸಿರು ತೆಳುವಾಗಿ ಅಡಿಯ ಲೋಹ ಇಣುಕುತ್ತಿತ್ತು. ಬ್ರಷ್ಷಿನ ಗೆರೆಗಳು ಹಾಗೆಯೇ ಕಾಣುತ್ತಿದ್ದವು. ರಾತ್ರಿ ಮುಚ್ಚಿದ ದೀಪದ ಬೆಳಕಿನಲ್ಲಿ ಬಳಿದದ್ದನ್ನು ಬೆಳಗ್ಗೆ ನೋಡಿ ತಮಗೇ ನಗು ಬಂತೆಂದರು. ಅವರು ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ, ನಾಲ್ಕು ಸಂಜೆಗಳಾದವು. ‘ಇಲ್ಲಿ ಇನ್ನೂ ಅಸಹ್ಯವಾಗಿರಲಿ ಮೇಷ್ಟ್ರೇ, ನೀವು ಚೆಂದ ಮಾಡಿಬಿಡ್ತೀರಿ’ ಎಂದು ಎರಡು ಮೂರು ಸಲ ತಡೆದರು.

ಕೊನೆಗೆ ಉಳಿದದ್ದು ವಿಮಾನದ ಸಂಖ್ಯೆ. ಅದಿಲ್ಲದ ಚರ್ಮವನ್ನು ಹವ್ಯಾಸಿಗಳು ಅಪೂರ್ಣವೆಂದೇ ಎಣಿಸುತ್ತಾರೆ. ಅವರು ಒಂದು ಸಂಖ್ಯೆ ಹೇಳಿದರು, ಆಮೇಲೆ ಇನ್ನೊಂದು ಹೇಳಿದರು, ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು. ‘ಬೇಡಿ. ನಾನು ಹೇಳಿದೆ ಅಂತ ಬರೆದರೆ ಅದೇ ನಿಜ ಆಗಿಬಿಡುತ್ತೆ. ಆ ನಂಬರಿನ ವಿಮಾನದಲ್ಲಿ ಯಾರು ಕೂತಿದ್ದರೋ, ಅವರ ಮನೆಯವರು ಎಲ್ಲಿದ್ದಾರೋ’ ಎಂದರು.

ಆ ಮಿಗ್ ಈಗ ಯಾರ ಯಾರ ಮನೆಯ ತೆರೆಗಳ ಮೇಲೋ ಹಾರುತ್ತಿದೆ. ಸಂಖ್ಯೆ ಏಕಿಲ್ಲವೆಂದು ಆಗಾಗ ಯಾರಾದರೂ ವಿಚಾರಿಸುತ್ತಾರೆ. ಸಂಖ್ಯೆ ಇರಬೇಕಾದ ಕಡೆ ಬರಿಯ ಹಸಿರಿದೆ. ಅಲ್ಲಿ ಬ್ರಷ್ಷಿನ ಗೆರೆಗಳು ಮೇಲಿನಿಂದ ಕೆಳಕ್ಕೆ ಇಳಿದಿವೆ, ಏಕೆಂದರೆ ಅಲ್ಲಿ ಬಳಿಯುವಾಗ ತಾವು ಏಣಿಯ ಮೇಲೆ ನಿಂತಿದ್ದೆವೆಂದು ಅವರು ಹೇಳಿದ್ದರು.